ಕಾಫಿ ಚೆಲ್ಲದ ಹಾಗೆ ಓಡುವುದು

ಶಿವಮೊಗ್ಗದ ಎಂ.ಎಸ್‌ಸಿ. ವಿದ್ಯಾರ್ಥಿಯೊಬ್ಬರ ಪತ್ರ: ‘ಕ್ವಾಂಟಮ್ ಸ್ಥಿತಿ ಕೆಡಬಾರದು ಅಂದರೆ ನಿಧಾನವಾಗಿ ಬದಲಾಯಿಸಬೇಕು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದಿರಿ. ಈಗ ಅದಕ್ಕೆ ಶಾರ್ಟ್‌ಕಟ್ ಇದೆಯಲ್ಲ ಸಾರ್, ನಿಧಾನವಾದರೆ ಸ್ಥಿತಿ ಕೆಡದು ಎನ್ನುವ 1928ರ ಹಳೇ ಪ್ರಮೇಯ ಇನ್ನೂ ಯಾಕೆ ಓದಬೇಕು?’

ಪತ್ರ ಓದಿ ಖುಷಿಯಾಯಿತು, ಕೊನೇ ಪ್ರಶ್ನೆಯೊಂದನ್ನು ಬಿಟ್ಟು. ಬೇಗ ಮಾಡಬೇಕು, ಒಪ್ಪಿದೆ. ಕ್ಯೂಬಿಟ್, ಅಂದರೆ ಕ್ವಾಂಟಮ್ ಕಂಪ್ಯೂಟರಿನ ಬಿಟ್, ನಮಗಾಗಿ ಕಾಯುತ್ತಾ ಕೂರುವುದಿಲ್ಲ, ತಡ ಮಾಡಿದಷ್ಟೂ ಸುತ್ತಲಿನ ಗದ್ದಲಕ್ಕೆ ಸಿಕ್ಕಿ ಕೆಡುತ್ತದೆ.

ಆದರೆ ನಮ್ಮ ಆಫೀಸಿನ ಕೆಳಗಿರುವ ಹೋಟೆಲಿನ ಮಾಣಿಯನ್ನು ನೀವು ನೋಡಬೇಕು. ತಟ್ಟೆಯಲ್ಲಿ ಆರು ಲೋಟ, ಅಂಚಿನವರೆಗೂ ಕಾಫಿ. ಹೊರಡುವಾಗ ತಟ್ಟೆಯನ್ನು ಒಂಚೂರು ಮುಂದಕ್ಕೆ ಬಾಗಿಸುತ್ತಾನೆ, ನಿಲ್ಲುವಾಗ ಹಿಂದಕ್ಕೆ. ಒಂದು ಹನಿ ಚೆಲ್ಲುವುದಿಲ್ಲ. ನೀವು ಹೇಳುವ ಶಾರ್ಟ್‌ಕಟ್, ಅಂದರೆ ಕೌಂಟರ್‌ಡಯಾಬ್ಯಾಟಿಕ್ ವಿಧಾನ, ಹೆಚ್ಚುಕಮ್ಮಿ ಇದೇ: ಅವಸರ ಮಾಡಿದರೆ ಸ್ಥಿತಿ ಪಕ್ಕದ ಶಕ್ತಿಮಟ್ಟಕ್ಕೆ ಜಿಗಿಯುತ್ತದಲ್ಲ, ಆ ಜಿಗಿತವನ್ನು ಅಷ್ಟಕ್ಕಷ್ಟೇ ತಡೆಯುವ, ಕಾಂತಕ್ಷೇತ್ರದಂಥ ಇನ್ನೊಂದು ಕ್ಷೇತ್ರವನ್ನು ಜೊತೆಯಲ್ಲೇ ಕೊಡುವುದು. ಬೇಗ ಹೋದಷ್ಟೂ ಆ ಕ್ಷೇತ್ರ ಜೋರಾಗಿರಬೇಕು. ಅದರ ಲೆಕ್ಕ ಹಾಕಬೇಕಾದರೆ ನಿಧಾನದ ದಾರಿಯ ಪ್ರತಿ ಹೆಜ್ಜೆಯಲ್ಲೂ ಸ್ಥಿತಿ ಹೇಗಿರುತ್ತದೆ ಅಂತ ಗೊತ್ತಿರಬೇಕು, ಬಾರ್ನ್ ಮತ್ತು ಫಾಕ್ ನಿಮ್ಮ ಆ ‘ಹಳೇ’ ಪ್ರಮೇಯದಲ್ಲಿ ಹೇಳಿದ ದಾರಿಯೇ ಅದು!

ಈ ಲೆಕ್ಕವನ್ನು 2003ರಲ್ಲಿ ಡೆಮಿರ್‌ಪ್ಲಾಕ್ ಮತ್ತು ರೈಸ್ ಕೊಟ್ಟರು, 2009ರಲ್ಲಿ ಮೈಕೆಲ್ ಬೆರ್ರಿ ತಮ್ಮದೇ ರೀತಿಯಲ್ಲಿ ಬರೆದರು. ಬೆರ್ರಿ ಯಾರು ಹೇಳಿ? ನಿಧಾನವಾಗಿ ಒಂದು ಸುತ್ತು ಹಾಕಿ ಬಂದ ಸ್ಥಿತಿಯಲ್ಲಿ ಜ್ಯಾಮಿತಿಯ ಗುರುತೊಂದು, ಅಂದರೆ ಹಾದುಬಂದ ದಾರಿಯ ಆಕಾರದ ನೆನಪು, ಉಳಿಯುತ್ತದೆ ಅಂತ 1984ರಲ್ಲಿ ತೋರಿಸಿದವರು. ನಿಧಾನವನ್ನು ಅಷ್ಟು ಹತ್ತಿರದಿಂದ ಬಲ್ಲವರಿಗೇ ಅದನ್ನು ಓಡಿಸುವುದೂ ಬಂತು.

ಅದೇ ಗುರುತನ್ನು ಬೆಳಕಿನಲ್ಲಿ 1956ರಷ್ಟು ಹಿಂದೆಯೇ ಕಂಡವರು ಎಸ್. ಪಂಚರತ್ನಂ, ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಇಪ್ಪತ್ತೆರಡರ ಹುಡುಗ. 1987ರಲ್ಲಿ ಬೆರ್ರಿಯೇ ಅದನ್ನು ಎತ್ತಿ ಹೇಳಿದರು. ಕೇಳಲು ಪಂಚರತ್ನಂ ಇರಲಿಲ್ಲ, 1969ರಲ್ಲೇ ತೀರಿಕೊಂಡಿದ್ದರು.

ಈಚೆಗೆ ಇದೇ ಊರಿನ ಕಾಲೇಜೊಂದರಲ್ಲಿ ಅವರ ಹೆಸರು ಕೇಳಿದ್ದೀರಾ ಅಂದೆ. ಒಂದು ಕೈಯೂ ಏಳಲಿಲ್ಲ. ಕ್ವಾಂಟಮ್ ಕೋರ್ಸ್ ಎಷ್ಟು ವಾರಕ್ಕೆ ಮುಗಿಯುತ್ತೆ ಅಂತ ಮಾತ್ರ ನಾಲ್ಕು ಜನ ಕೇಳಿದರು. ಮಕ್ಕಳ ತಪ್ಪಲ್ಲ ಇದು. ಪಿಯುಸಿಯಿಂದಲೇ ಸೂತ್ರ ಬರೆಸುತ್ತೇವೆ, ಅದು ಎಲ್ಲಿಂದ ಬಂತು ಅಂದರೆ ‘ಪರೀಕ್ಷೆಗೆ ಬರಲ್ಲ ಬಿಡು’ ಅಂತ ಸುಮ್ಮನಾಗಿಸುತ್ತೇವೆ. ನನಗೆ ಹೊಟ್ಟೆ ಉರಿಯುವುದೇ ಅಲ್ಲಿ.

ನೀವು ಪತ್ರ ಬರೆದು ಕೇಳಿದಿರಲ್ಲ, ಆ ಗುಣ ಬಿಡಬೇಡಿ. 1956ರ ಆ ಪ್ರಬಂಧದ ಪ್ರತಿ ಅಂಚೆಗೆ ಹಾಕಿದ್ದೇನೆ, ಬೆರ್ರಿಯವರ 2009ರದ್ದೂ ಜೊತೆಗಿದೆ. ಮೊದಲು ಹಳೆಯದು, ಪೆನ್ಸಿಲ್ ಹಿಡಿದು. ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಬರೆಯಿರಿ.

— ಸಂಪಾದಕ