ಸಿರಿಂಜ್ ಕ್ರೇನ್ ಅರ್ಧಕ್ಕೇ ನಿಂತರೆ

ಪ್ರಶ್ನೆ: ಸರ್, ನಾನು 9ನೇ ತರಗತಿ. ಶಾಲೆಯ ವಿಜ್ಞಾನ ವಸ್ತು ಪ್ರದರ್ಶನಕ್ಕೆ ನಾವು ಗೆಳತಿಯರು ಸೇರಿ ಹೈಡ್ರಾಲಿಕ್ ಕ್ರೇನ್ ಮಾಡಿದ್ದೇವೆ. ರಟ್ಟಿನ ತೋಳು, 10 ಎಂ.ಎಲ್. ಸಿರಿಂಜ್‌ಗಳು, ಸಲೈನ್ ಹಾಕುವ ಡ್ರಿಪ್ ಪೈಪು. ಸಿರಿಂಜ್‌ಗಳನ್ನು ಗ್ಲೂ ಗನ್‌ನಿಂದ ಗಟ್ಟಿಯಾಗಿ ಅಂಟಿಸಿದ್ದೇವೆ. ಒತ್ತಿದರೆ ಮೊದಲು ತೋಳು ಅಲ್ಲಾಡುವುದೇ ಇಲ್ಲ, ಆಮೇಲೆ ಸರಕ್ಕನೆ ಎಗರಿ ಅರ್ಧಕ್ಕೆ ನಿಲ್ಲುತ್ತದೆ. ಕೈ ಬಿಟ್ಟರೆ ತಾನಾಗೇ ಇಳಿಯುತ್ತದೆ. ನೀರಿನ ಬದಲು ಎಣ್ಣೆ ಹಾಕಿದರೆ ಸರಿಹೋಗುತ್ತಾ?
– ವಿದ್ಯಾರ್ಥಿನಿ, ರಾಣೆಬೆನ್ನೂರು

ಉತ್ತರ: ಎಣ್ಣೆ ಬೇಡಮ್ಮ. ತೊಂದರೆ ನೀರಿನದ್ದಲ್ಲ, ಆ ಗ್ಲೂ ಗನ್‌ನದ್ದು.

ಜೆಸಿಬಿ, ಹಿಟಾಚಿಗಳ ಜಾಕ್ ಬಿಚ್ಚಿ ಸೀಲ್ ಹಾಕುವುದೇ ನನ್ನ ಕಸುಬಾಗಿತ್ತು. ಜಾಕ್ ಅಂದರೆ ತೋಳನ್ನು ತಳ್ಳುವ ಹೈಡ್ರಾಲಿಕ್ ಸಿಲಿಂಡರ್, ನಿನ್ನ ಕ್ರೇನಿನಲ್ಲಿ ಸಿರಿಂಜ್ ಇದ್ದ ಹಾಗೆ. ಹಾಗಾಗಿ ಒಂದು ಮಾತು ಧೈರ್ಯವಾಗಿ ಹೇಳುತ್ತೇನೆ: ಜಾಕ್ ವಾಲಾಡಲೇಬೇಕು. ನಿಮ್ಮೂರಲ್ಲಿ ಎಲ್ಲಾದರೂ ಜೆಸಿಬಿ ಮಣ್ಣು ತೆಗೆಯುತ್ತಿದ್ದರೆ ದೂರ ನಿಂತು ಸ್ವಲ್ಪ ಹೊತ್ತು ನೋಡು. ಎಲ್ಲರೂ ಬಕೆಟ್ ನೋಡುತ್ತಾರೆ, ನೀನು ಜಾಕ್ ನೋಡು. ಫಳಫಳ ಹೊಳೆಯುವ ರಾಡ್ ಹೊರಗೆ ಬರುತ್ತಾ ಇದ್ದ ಹಾಗೆ ಇಡೀ ಜಾಕ್ ನಿಧಾನಕ್ಕೆ ವಾಲುತ್ತದೆ. ಅದರ ಎರಡೂ ತುದಿಯಲ್ಲಿ ದಪ್ಪನೆಯ ಪಿನ್ ಇರುತ್ತದೆ. ರಾಡ್ ಚಲಿಸುವುದು ನೇರಕ್ಕೆ, ತೋಳು ತಿರುಗುವುದು ಕಮಾನಿನ ಹಾಗೆ. ಜಾಕ್ ವಾಲದೇ ಇದ್ದರೆ ಎರಡೂ ಒಂದನ್ನೊಂದು ತಡೆಯುತ್ತವೆ. ನಿನ್ನ ತೋಳು ಅರ್ಧಕ್ಕೆ ಸಿಕ್ಕಿಕೊಳ್ಳುವುದು ಇದಕ್ಕೇ.

ಅಂಟನ್ನೆಲ್ಲ ಕಿತ್ತುಹಾಕು. ಸಿರಿಂಜ್‌ನ ಹೊಟ್ಟೆಗೆ ಕೇಬಲ್ ಟೈ ಸುತ್ತಿ, ಆ ಟೈಗೆ ಸೈಕಲ್ ಕಡ್ಡಿಯ ತುಂಡೊಂದನ್ನು ಅಡ್ಡ ಕಟ್ಟು. ಕಡ್ಡಿಯ ಎರಡು ತುದಿ ಕಂಬದ ಎರಡು ಪಟ್ಟಿಗಳ ತೂತಿನಲ್ಲಿ ಸಲೀಸಾಗಿ ತಿರುಗಬೇಕು. ಇನ್ನೊಂದು ಕಡೆ, ಹೆಬ್ಬೆರಳು ಒತ್ತುವ ಜಾಗದ ಸ್ವಲ್ಪ ಕೆಳಗೆ, ಕಾಯಿಸಿದ ಮೊಳೆಯಿಂದ ತೂತು ಹಾಕಿಸಿ ತಂತಿ ತೂರಿಸಿ ತೋಳಿಗೆ ಕಟ್ಟು. ಮೊಳೆ ಕಾಯಿಸುವ ಕೆಲಸ ದೊಡ್ಡವರೇ ಮಾಡಲಿ. ತಂತಿ ಬಿಗಿಯಬೇಡ, ಸಡಿಲ ಇರಲಿ. ರಟ್ಟು ಒಂದು ಪದರ ಆದರೆ ತೂತು ಹರಿದು ಅಗಲವಾಗುತ್ತದೆ. ಮೂರು ಪದರ ಅಂಟಿಸಿ ಒಂದು ರಾತ್ರಿ ಭಾರ ಹೇರಿಡು.

ಸಿರಿಂಜ್ ತೋಳಿಗೆ ಎಲ್ಲಿ ಸೇರುತ್ತದೆ ಅನ್ನುವುದೂ ಮುಖ್ಯ. 25 ಸೆಂ.ಮೀ. ತೋಳಿಗೆ ಕೀಲಿನಿಂದ 5 ಸೆಂ.ಮೀ. ದೂರದಲ್ಲಿ ಕಟ್ಟಿದರೆ, ಸಿರಿಂಜ್ ಕೊಡುವ ಬಲದ ಐದನೇ ಒಂದು ಪಾಲು ಮಾತ್ರ ಕೊಕ್ಕೆಗೆ ಸಿಗುತ್ತದೆ. ಅದೂ ಸಿರಿಂಜ್ ತೋಳಿಗೆ ನೆಟ್ಟಗೆ ನಿಂತಿದ್ದಾಗ. ತೋಳಿನ ಉದ್ದಕ್ಕೇ ಮಲಗಿದ್ದರೆ ಎಷ್ಟು ಒತ್ತಿದರೂ ತೋಳು ಏಳುವುದಿಲ್ಲ.

ಇನ್ನು ಆ ಎಗರಾಟ. ಅದು ಗಾಳಿಯ ಕೆಲಸ. ನೀರು ಒತ್ತಿದರೆ ಕುಗ್ಗುವುದಿಲ್ಲ ಅನ್ನುವಷ್ಟು ಕಡಿಮೆ ಕುಗ್ಗುತ್ತದೆ. ಗಾಳಿ ಹಾಗಲ್ಲ. ನೀನು ಒತ್ತಿದಾಗ ಮೊದಲು ಗುಳ್ಳೆ ಕುಗ್ಗುತ್ತದೆ, ತೋಳು ಸುಮ್ನೆ ಇರುತ್ತದೆ. ಒತ್ತಡ ಸಾಕಷ್ಟಾದ ಕೂಡಲೇ ಗುಳ್ಳೆ ಹಿಗ್ಗಿ ತೋಳನ್ನು ಎಗರಿಸುತ್ತದೆ.

ಗಾಳಿ ತೆಗೆಯುವುದು ತಾಳ್ಮೆಯ ಕೆಲಸ. ಕುದಿಸಿ ಆರಿಸಿದ ನೀರು ತಗೋ, ಅದರಲ್ಲಿ ಕರಗಿದ ಗಾಳಿ ಕಡಿಮೆ. ಅಗಲ ಟಬ್‌ನಲ್ಲಿ ಸಿರಿಂಜ್ ಪೂರ್ತಿ ಮುಳುಗಿಸಿ ನೀರು ಎಳೆ. ಮೂತಿ ಮೇಲೆ ಮಾಡಿ ಉಗುರಿನಿಂದ ಟಕಟಕ ಬಡಿ. ಗೋಡೆಗೆ ಅಂಟಿದ್ದ ಸಣ್ಣ ಗುಳ್ಳೆಗಳು ಬಿಟ್ಟುಕೊಂಡು ಒಂದಾಗಿ ಮೂತಿಗೆ ಏರುತ್ತವೆ. ಅದನ್ನು ಹೊರಗೆ ತಳ್ಳು. ಆಮೇಲೆ ಪೈಪು ಸಿಕ್ಕಿಸಿ, ಆಚೆ ತುದಿಯಿಂದ ಗುಳ್ಳೆಯಿಲ್ಲದ ನೀರು ಬರುವ ತನಕ ಒತ್ತು. ಎರಡನೇ ಸಿರಿಂಜನ್ನು ಪೂರ್ತಿ ಒತ್ತಿಟ್ಟು, ನೀರಿನೊಳಗೇ ಜೋಡಿಸು. ಈಗ ಒಂದನ್ನು ಅಲ್ಲಾಡದಂತೆ ಹಿಡಿದು ಇನ್ನೊಂದನ್ನು ಒತ್ತಿ ನೋಡು. ಹೆಬ್ಬೆರಳಿಗೆ ಕಲ್ಲು ಒತ್ತಿದ ಹಾಗೆ ಅನ್ನಿಸಿದರೆ ಗಾಳಿ ಹೋಗಿದೆ ಅಂತ ಅರ್ಥ.

ತಾನಾಗೇ ಇಳಿಯುವುದು ಸಹಜ. ತೋಳಿನ ಭಾರ ನೀರನ್ನು ಹಿಂದಕ್ಕೆ ತಳ್ಳುತ್ತದೆ. ಜೆಸಿಬಿಯಲ್ಲಿ ಲಿವರ್ ಬಿಟ್ಟ ಕೂಡಲೇ ವಾಲ್ವ್ ಆಯಿಲ್‌ನ ದಾರಿ ಮುಚ್ಚುತ್ತದೆ. ನಿನ್ನ ಹತ್ತಿರವೂ ಅಂಥದ್ದೇ ಇದೆ: ಡ್ರಿಪ್ ಪೈಪಿನ ಮೇಲಿರುವ ಸಣ್ಣ ಚಕ್ರ. ಭಾರ ಎತ್ತಿದ ಮೇಲೆ ಅದನ್ನು ಪೂರ್ತಿ ತಿರುಗಿಸು. ತೋಳು ನಿಲ್ಲುತ್ತದೆ. ಆಗಲೂ ಇಳಿದರೆ ಪೈಪು ಸೇರುವ ಜಾಗ ಬೆರಳಿನಿಂದ ಮುಟ್ಟಿ ನೋಡು, ಒದ್ದೆಯಿರುತ್ತದೆ. ಸಿರಿಂಜ್, ಪೈಪು ಮಾತ್ರ ಮೆಡಿಕಲ್ ಶಾಪಿನಿಂದ ಹೊಸದೇ ತರಬೇಕು, ಸೂಜಿ ಇಲ್ಲದೆ. ಯಾರೋ ಬಳಸಿದ್ದು ಖಂಡಿತ ಬೇಡ.

ಎಣ್ಣೆ ಯಾಕೆ ಬೇಡ ಅಂದರೆ, ಎಂಜಿನ್ ಆಯಿಲ್‌ಗೆ ಸಿರಿಂಜ್‌ನ ರಬ್ಬರ್ ಉಬ್ಬಿ ಬಿಗಿಯಾಗುತ್ತದೆ. ಕೊಬ್ಬರಿ ಎಣ್ಣೆಯಂತೂ ಡಿಸೆಂಬರ್ ಬೆಳಗಿನ ಚಳಿಗೆ ಪೈಪಿನಲ್ಲೇ ಹೆಪ್ಪುಗಟ್ಟೀತು. ಜೆಸಿಬಿಗೆ ಆಯಿಲ್ ಬೇಕು, ಯಾಕೆಂದರೆ ಅಲ್ಲಿ ಕಬ್ಬಿಣ ತುಕ್ಕು ಹಿಡಿಯಬಾರದು, ಪಂಪು ಸವೆಯಬಾರದು. ನಿನ್ನ ಪ್ಲಾಸ್ಟಿಕ್‌ಗೆ ಆ ಭಯವಿಲ್ಲ. ಯಾರಾದರೂ ನೀರಿನಿಂದ ಕ್ರೇನ್ ನಡೆಯುತ್ತಾ ಅಂತ ಕೇಳಿದರೆ ಇದನ್ನು ಹೇಳು: ಇಂಗ್ಲೆಂಡಿನ ನ್ಯೂಕ್ಯಾಸಲ್ ಬಂದರಿನಲ್ಲಿ 1846ರಲ್ಲಿ ವಿಲಿಯಂ ಆರ್ಮ್‌ಸ್ಟ್ರಾಂಗ್ ನಿಲ್ಲಿಸಿದ ಹೈಡ್ರಾಲಿಕ್ ಕ್ರೇನ್ ನಡೆದಿದ್ದು ಊರಿನ ಕೊಳಾಯಿ ನೀರಿನ ಒತ್ತಡದಿಂದಲೇ. ಹಡಗಿನ ಸರಕನ್ನೇ ಎತ್ತಿತ್ತು ಅದು.

ಪ್ರಶ್ನೆ: ಮಕ್ಕಳಿಗೆ ಪಾಸ್ಕಲ್ ನಿಯಮ ತೋರಿಸಲು ಇದೇ ಮಾದರಿ ಮಾಡಿಸುತ್ತಿದ್ದೇನೆ. ಎರಡೂ ಕಡೆ ಒಂದೇ ಅಳತೆಯ ಸಿರಿಂಜ್ ಸಾಕಾ?
– ವಿಜ್ಞಾನ ಶಿಕ್ಷಕಿ, ತಿಪಟೂರು

ಉತ್ತರ: ಕ್ರೇನ್ ಆಡಿಸಲು ಸಾಕು ಮೇಡಂ, ನಿಯಮ ಕಾಣಿಸಲು ಸಾಲದು. ಕೈ ಕಡೆ 10 ಎಂ.ಎಲ್., ತೋಳಿನ ಕಡೆ 20 ಎಂ.ಎಲ್. ಹಾಕಿಸಿ. ಒಳಗಿನ ಅಗಲ ಸುಮಾರು 15 ಮತ್ತು 20 ಮಿ.ಮೀ. ಇರುತ್ತದೆ, ಮಕ್ಕಳೇ ಸ್ಕೇಲ್ ಇಟ್ಟು ಅಳೆಯಲಿ. ಹಾಗಾದರೆ ದೊಡ್ಡದರ ವಿಸ್ತೀರ್ಣ ಚಿಕ್ಕದರ ಒಂದೂಮುಕ್ಕಾಲು ಪಟ್ಟು. ನೀರಿನಲ್ಲಿ ಒತ್ತಡ ಎಲ್ಲ ಕಡೆ ಒಂದೇ, ಪಾಸ್ಕಲ್ ನಿಯಮ ಹೇಳುವುದೂ ಇದನ್ನೇ, ಆದ್ದರಿಂದ ಬಲವೂ ಹತ್ತಿರ ಹತ್ತಿರ ಅಷ್ಟೇ ಪಟ್ಟು ಆಗುತ್ತದೆ. ರಬ್ಬರ್ ಉಜ್ಜುವುದರಲ್ಲಿ ಸ್ವಲ್ಪ ಹೋಗುತ್ತದೆ.

ಆದರೆ ಚಿಕ್ಕದನ್ನು ಐದೂವರೆ ಸೆಂ.ಮೀ. ತಳ್ಳಿದರೆ ದೊಡ್ಡದು ಮೂರು ಚಿಲ್ಲರೆ ಮಾತ್ರ ಸರಿಯುತ್ತದೆ. ಇದನ್ನು ಮಕ್ಕಳು ಬಾಯಿಪಾಠ ಮಾಡುವುದು ಬೇಡ. ಎರಡು ಸಿರಿಂಜ್ ಪಕ್ಕಪಕ್ಕ ಇಟ್ಟು ಕಣ್ಣಾರೆ ನೋಡಲಿ, ಆಮೇಲೆ ಅದಲುಬದಲು ಮಾಡಿ ಒತ್ತಲಿ. ಹೆಬ್ಬೆರಳು ಜಾಸ್ತಿ ನೋಯುತ್ತದೆ, ಆಚೆಯದು ಸರ್ರನೆ ಓಡುತ್ತದೆ. ನೀರಿಗೆ ಎರಡು ಹನಿ ಇಂಕ್ ಬೆರೆಸಿದರೆ ಹಿಂದಿನ ಬೆಂಚಿನವರಿಗೂ ಕಾಣುತ್ತದೆ. ಕುಂಕುಮ ಬೇಡ, ಅದು ಕರಗದೆ ಪೈಪಿನಲ್ಲಿ ಕೂರುತ್ತದೆ.