ಇಲಿಗೆ ಏನೂ ಆಗಲಿಲ್ಲವಂತೆ, ಅಮ್ಮ ತಿನ್ನಬಹುದಾ?

(ಓದುಗರ ಪ್ರಶ್ನೆಗಳಿಗೆ ಔಷಧ ವಿಜ್ಞಾನದ ನಿವೃತ್ತ ಅಧ್ಯಾಪಕಿಯ ಉತ್ತರ)

ಪ್ರಶ್ನೆ: ನನ್ನ ತಾಯಿಗೆ 62 ವರ್ಷ. ಹತ್ತು ವರ್ಷದಿಂದ ಶುಗರ್ ಇದೆ, ಮಾತ್ರೆ ತಗೊಳ್ತಾರೆ. ಪಕ್ಕದ ಮನೆಯವರ ಮಾತು ಕೇಳಿ ಆರು ತಿಂಗಳಿಂದ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ನಿತ್ಯಪುಷ್ಪದ ನಾಲ್ಕು ಎಲೆ ಅಗಿದು ತಿನ್ನುತ್ತಿದ್ದಾರೆ. ಬೇಡ ಎಂದರೆ ಮೊಬೈಲಿಗೆ ಬಂದ ಸುದ್ದಿ ತೋರಿಸುತ್ತಾರೆ. ‘ಇಲಿಗಳಿಗೆ 2000 ಮಿಲಿಗ್ರಾಂ ಕೊಟ್ಟರೂ ಒಂದೂ ಸಾಯಲಿಲ್ಲ, ಪೂರ್ತಿ ಸುರಕ್ಷಿತ’ ಅಂತ ಅದರಲ್ಲಿದೆ. ನಂಬಬಹುದಾ?
– ಗೃಹಿಣಿ, ತಿಪಟೂರು

ಉತ್ತರ: ಮೊದಲು ಎಲೆ ನಿಲ್ಲಿಸಲು ಹೇಳಿ. ಮಾತ್ರೆ ಮಾತ್ರ ನಿಲ್ಲಿಸಬಾರದು.

ಆ 2000 ಮಿಲಿಗ್ರಾಂ ಪರೀಕ್ಷೆಯನ್ನು ನಾನೇ ಎಷ್ಟೋ ಸಲ ಮಾಡಿದ್ದೇನೆ. ಹೇಗೆ ಅಂತ ಹೇಳುತ್ತೇನೆ, ಅಮ್ಮನಿಗೂ ಓದಿ ಹೇಳಿ. ಎರಡು ಮೂರು ತಿಂಗಳ ಪ್ರಾಯದ, ಇನ್ನೂ ಮರಿ ಹಾಕದ ಮೂರು ಹೆಣ್ಣು ಇಲಿ. ಗುರುತಿಗೆ ಒಂದರ ತಲೆಗೆ, ಒಂದರ ಬೆನ್ನಿಗೆ, ಒಂದರ ಬಾಲಕ್ಕೆ ಹಳದಿ ಬಣ್ಣ. ಹಿಂದಿನ ರಾತ್ರಿ ತಿನ್ನಲು ಕೊಡುವುದಿಲ್ಲ, ನೀರು ಇಡುತ್ತೇವೆ. 2000 ಅಂದರೆ ಒಂದು ಕಿಲೋ ತೂಕಕ್ಕೆ ಅಷ್ಟು. ಇಲಿ ತೂಗುವುದು 200 ಗ್ರಾಂ. ಹಾಗಾಗಿ ಅದಕ್ಕೆ ಸಿಗುವುದು 400 ಮಿಲಿಗ್ರಾಂ ಸಾರ. ತುದಿಯಲ್ಲಿ ಸಣ್ಣ ಗುಂಡು ಇರುವ ಬಾಗಿದ ಸೂಜಿಯಿಂದ ಸೀದಾ ಹೊಟ್ಟೆಗೆ ಬಿಡುತ್ತೇವೆ. ಅದೂ ಒಂದೇ ಸಲ.

ಮೊದಲ ಅರ್ಧ ಗಂಟೆ ಪಂಜರದ ಮುಂದಿನಿಂದ ಏಳುವ ಹಾಗಿಲ್ಲ. ಮೈಕೂದಲು ನಿಮಿರಿದೆಯಾ, ಮೂಲೆಯಲ್ಲಿ ಮುದುಡಿ ಕೂತಿದೆಯಾ, ಕಣ್ಣಿನ ಸುತ್ತ ಕೆಂಪಗೆ ಕಟ್ಟಿದೆಯಾ ಅಂತ ನೋಡಬೇಕು. ಆ ಕೆಂಪು ರಕ್ತ ಅಲ್ಲ. ಇಲಿ ಬಳಲಿದಾಗ ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಬಣ್ಣದ ನೀರು. ಆಮೇಲೆ 14 ದಿನ ದಿನವೂ ನೋಡುತ್ತೇವೆ. ಯಾವುದೂ ಸಾಯದಿದ್ದರೆ ಇನ್ನು ಮೂರು ಇಲಿಗೆ ಕೊಟ್ಟು ಖಚಿತ ಮಾಡಿಕೊಳ್ಳುತ್ತೇವೆ. ಅಲ್ಲಿಗೆ ಆ ಪರೀಕ್ಷೆ ಮುಗಿಯಿತು.

ಇದರಿಂದ ಗೊತ್ತಾಗುವುದು ಒಂದೇ: ಒಂದು ಸಲ ಕೊಟ್ಟರೆ ಪ್ರಾಣ ಹೋಗುವಂಥ ವಿಷ ಅಲ್ಲ. ಅಮ್ಮ ತಿಂದದ್ದು ಒಂದು ಸಲ ಅಲ್ಲ, ಆರು ತಿಂಗಳು. ಇಲಿ ಎಳೆ ಪ್ರಾಯದ್ದು, ಅದಕ್ಕೆ ಕಾಯಿಲೆ ಇಲ್ಲ, ಬೇರೆ ಮಾತ್ರೆಯೂ ಇಲ್ಲ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ತಲೆ ಸುತ್ತುತ್ತಿದೆ ಅಂತ ಹೇಳಲೂ ಬರುವುದಿಲ್ಲ. ದಿನಾ ತಿನ್ನುವುದರ ಪರಿಣಾಮ ಬೇಕಿದ್ದರೆ 28 ದಿನದ ಅಥವಾ 90 ದಿನದ ಪರೀಕ್ಷೆ ಕೇಳಬೇಕು. 90 ದಿನದ್ದರಲ್ಲಿ ಒಂದೊಂದು ಗುಂಪಿಗೆ ಹತ್ತು ಗಂಡು, ಹತ್ತು ಹೆಣ್ಣು. ಮೂರು ಬೇರೆ ಬೇರೆ ಡೋಸು, ಜೊತೆಗೆ ಔಷಧ ಕೊಡದ ಒಂದು ಗುಂಪು. ಕೊನೆಗೆ ರಕ್ತ ಪರೀಕ್ಷೆ ಮಾಡಿ, ಲಿವರ್, ಕಿಡ್ನಿ, ಹೃದಯ ತೂಗಿ, ತೆಳುವಾಗಿ ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಮೊಬೈಲ್ ಸುದ್ದಿಯಲ್ಲಿ ಇದು ಯಾವುದೂ ಇಲ್ಲ, ಅಲ್ವಾ?

ನಿತ್ಯಪುಷ್ಪಕ್ಕೂ ಇಲಿಗೂ ಹಳೆಯ ನಂಟು ಇದೆ. ಜಮೈಕಾದಲ್ಲಿಯೂ ಜನ ಶುಗರ್‌ಗೆ ಅಂತ ಈ ಎಲೆಯ ಕಷಾಯ ಕುಡಿಯುತ್ತಿದ್ದರು. 1950ರ ದಶಕದ ಮೊದಲಲ್ಲಿ ಅಲ್ಲಿಂದ 25 ಎಲೆ ಕೆನಡಾದ ಡಾ. ಕ್ಲಾರ್ಕ್ ನೋಬಲ್ ಅವರ ಕೈ ಸೇರಿದವು. ಅವರು ಅದನ್ನು ಸಂಶೋಧಕರಾಗಿದ್ದ ತಮ್ಮ ಸಹೋದರ ರಾಬರ್ಟ್ ನೋಬಲ್‌ಗೆ ಕೊಟ್ಟರು. ರಾಬರ್ಟ್ ಅದರ ಸಾರವನ್ನು ಬಾಯಿಂದ ಕೊಟ್ಟರೆ ಪ್ರಾಣಿಗಳ ಶುಗರ್ ಇಳಿಯಲಿಲ್ಲ. ಇಂಜೆಕ್ಷನ್ ಕೊಟ್ಟಾಗ ಇಲಿಗಳು ಸೋಂಕು ತಗುಲಿ ಸತ್ತವು. ಯಾಕೆಂದು ನೋಡಿದರೆ ಬಿಳಿ ರಕ್ತಕಣ ಕುಸಿದಿತ್ತು, ಮೂಳೆಯ ಮಜ್ಜೆ ಸೊರಗಿತ್ತು. ರಕ್ತಕಣ ಇಳಿಸುವುದಾದರೆ ರಕ್ತದ ಕ್ಯಾನ್ಸರ್‌ಗೆ ಯಾಕಾಗಬಾರದು ಎಂಬ ಯೋಚನೆ ಅಲ್ಲಿಂದ ಹುಟ್ಟಿತು. 1958ರಲ್ಲಿ ರಾಬರ್ಟ್ ನೋಬಲ್, ಚಾರ್ಲ್ಸ್ ಬಿಯರ್ ಮತ್ತು ಜೊತೆಗಾರರು ಪ್ರಕಟಿಸಿದ ಆ ವಸ್ತುವೇ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧ. ಇದೇ ಗಿಡದ ವಿನ್‌ಕ್ರಿಸ್ಟಿನ್‌ನಿಂದ ಇವತ್ತು ಲುಕೇಮಿಯಾ ಬಂದ ಮಕ್ಕಳು ಬದುಕುತ್ತಿದ್ದಾರೆ. ಈ ಗಿಡದ ಮೇಲೆ ನನಗೆ ಎಷ್ಟು ಗೌರವ ಇದೆಯೋ ಅಷ್ಟೇ ಭಯವೂ ಇದೆ.

ಹೆದರಿಸುತ್ತಿಲ್ಲ. ಎಲೆಯಲ್ಲಿ ಆ ವಸ್ತು ಇರುವುದು ತೀರಾ ಕಡಿಮೆ. ಒಂದು ಗ್ರಾಂ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕು. ಆದರೆ ಎಲೆಯಲ್ಲಿ ಬೇರೆ ಆಲ್ಕಲಾಯ್ಡ್‌ಗಳು, ಅಂದರೆ ಮೈಮೇಲೆ ಪರಿಣಾಮ ಮಾಡುವ ಸಸ್ಯದ ರಾಸಾಯನಿಕಗಳು, ಹತ್ತಾರು ಇವೆ. ಇನ್ನು, ಶುಗರ್ ಬರಿಸಿದ ಇಲಿಗಳಿಗೆ ಎಲೆಯ ಸಾರ ಕೊಟ್ಟು ಸಕ್ಕರೆ ಇಳಿದದ್ದನ್ನು ಕಂಡ ಪ್ರಯೋಗಗಳೂ ಇವೆ. ಅದು ನಿಜವಾದರೆ ಮಾತ್ರೆಯ ಜೊತೆ ಎಲೆಯೂ ಸೇರಿ ಶುಗರ್ ವಿಪರೀತ ಇಳಿಯಬಹುದು. ಅಮ್ಮನಿಗೆ ಬೆಳಿಗ್ಗೆ ಬೆವರು, ನಡುಕ, ಕಣ್ಣು ಕತ್ತಲೆ ಬರುವುದಿದೆಯಾ ಕೇಳಿ. ಡಾಕ್ಟರ್ ಹತ್ತಿರ ಎಲೆಯ ವಿಷಯ ಮುಚ್ಚಿಡಬೇಡಿ. ಸಿಬಿಸಿ (ರಕ್ತಕಣಗಳ ಎಣಿಕೆ), ಲಿವರ್, ಕ್ರಿಯಾಟಿನಿನ್ (ಕಿಡ್ನಿಯದು) ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿ.

ಇನ್ನೊಂದು ಮಾತು. ಈ ಗಿಡವನ್ನು ಕಾಶಿ ಕಣಗಿಲೆ ಅಂತಲೂ ಕರೆಯುತ್ತಾರೆ. ಬರೀ ಕಣಗಿಲೆ ಬೇರೆ ಗಿಡ, ಅದರ ಎಲೆ ಹೃದಯವನ್ನೇ ನಿಲ್ಲಿಸಬಲ್ಲದು. ಹೆಸರು ಕೇಳಿ ಎಲೆ ಕೀಳುವವರಿಗೆ ದಯವಿಟ್ಟು ಇದನ್ನು ಹೇಳಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಹೊಟ್ಟೆನೋವಿಗೆ ಈಶ್ವರಿ ಬಳ್ಳಿಯ ಬೇರು ತೇಯ್ದು ಕೊಡುತ್ತೇವೆ. ಯಾರಿಗೂ ಏನೂ ಆಗಿಲ್ಲ. ಇಷ್ಟು ಜನ ಕುಡಿದ ಮೇಲೆ ಇಲಿಗೆ ಕೊಟ್ಟು ನೋಡುವ ಅಗತ್ಯ ಏನು?
– ಕೃಷಿಕರು, ಶಿರಸಿ

ಉತ್ತರ: ನಿಮ್ಮ ಹಿರಿಯರು ಗಿಡಗಳನ್ನು ಕಣ್ಣಿಟ್ಟು ನೋಡಿದವರು, ಅದರಲ್ಲಿ ಅನುಮಾನ ಇಲ್ಲ. ಕುಡಿದ ದಿನವೇ ವಾಂತಿ, ಭೇದಿ ಆದರೆ ಅಂಥ ಬೇರನ್ನು ಅವರೇ ಬಿಡುತ್ತಿದ್ದರು. ಆದರೆ ಇವತ್ತು ಕುಡಿದದ್ದಕ್ಕೆ ಹತ್ತು ವರ್ಷದ ಮೇಲೆ ಕಿಡ್ನಿ ಹೋದರೆ ಎರಡನ್ನೂ ಜೋಡಿಸಿ ನೋಡುವವರು ಯಾರು?

ಈಶ್ವರಿ ಬಳ್ಳಿಯ ಜಾತಿಯ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇರುತ್ತದೆ. 1980ರ ದಶಕದ ಮೊದಲಲ್ಲಿ ಜರ್ಮನಿಯಲ್ಲಿ ಅದನ್ನು ಇಲಿಗಳಿಗೆ ಮೂರು ತಿಂಗಳು ಕೊಟ್ಟು ನೋಡಿದರು. ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ ಬಂತು. ಆ ಆಮ್ಲ ಇದ್ದ ಔಷಧಗಳನ್ನು ಅಲ್ಲಿ ಮಾರಾಟದಿಂದ ತೆಗೆದುಹಾಕಿದರು. ಆದರೂ 1990ರ ಹೊತ್ತಿಗೆ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗೆ ಒಂದು ಚೀನೀ ಬೇರಿನ ಬದಲು ಇದೇ ಜಾತಿಯ ಬೇರು ಸೇರಿಬಿಟ್ಟಿತು. ನೂರಕ್ಕೂ ಜಾಸ್ತಿ ಜನರ ಕಿಡ್ನಿ ಹಾಳಾಯಿತು. ಬಹುತೇಕ ಎಲ್ಲರೂ ಹೆಂಗಸರು. ಎಷ್ಟೋ ಜನರಿಗೆ ಆಮೇಲೆ ಮೂತ್ರನಾಳದ ಕ್ಯಾನ್ಸರ್ ಬಂತು. ಇಲಿ ಮೊದಲೇ ಹೇಳಿತ್ತು. ಇದನ್ನು ನೆನೆದಾಗೆಲ್ಲ ನನಗೆ ಸಂಕಟವಾಗುತ್ತದೆ.

ಆ ಬೇರನ್ನು ಯಾರಿಗೂ, ಅದರಲ್ಲೂ ಮಕ್ಕಳಿಗೆ, ಕುಡಿಸಬೇಡಿ. ಹಾವು ಕಚ್ಚಿದರೂ ಅದನ್ನು ತೇಯುತ್ತಾ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಾನು ಎಂ.ಫಾರ್ಮ ವಿದ್ಯಾರ್ಥಿನಿ. ಸೋಮವಾರದಿಂದ ಅಮೃತಬಳ್ಳಿ ಸಾರದ ಪರೀಕ್ಷೆ ಶುರು. ಇಲಿಯನ್ನು ಹಿಡಿದಾಗ ಅದರ ಎದೆ ಬಡಿತ ಕೈಗೆ ತಾಕುತ್ತದೆ. ಮನಸ್ಸು ಒಪ್ಪುತ್ತಿಲ್ಲ. ನಿಮಗೂ ಹೀಗೆ ಆಗಿತ್ತಾ?
– ಕಲಬುರಗಿ

ಉತ್ತರ: ಆಗಿತ್ತಮ್ಮ. ಕೊನೆಯ ದಿನದವರೆಗೂ ಆಗುತ್ತಿತ್ತು. ಹಾಗೆ ಆಗದವರ ಕೈಗೆ ಇಲಿ ಕೊಡಲು ನಾನು ಹಿಂಜರಿಯುತ್ತಿದ್ದೆ. ಈಗಿನಿಂದಲೇ ದಿನಾ ಸ್ವಲ್ಪ ಹೊತ್ತು ಅವನ್ನು ಕೈಯಲ್ಲಿ ಎತ್ತಿಕೊಳ್ಳಿ, ನಿಮ್ಮ ವಾಸನೆ ಪರಿಚಯ ಆಗಲಿ. ಹೆದರದ ಇಲಿಗೆ ನೋವೂ ಕಡಿಮೆ. ನಾನು ಕಲಿಯುವಾಗ ಒಂದೊಂದು ಔಷಧಕ್ಕೂ ಅರ್ಧದಷ್ಟು ಇಲಿ ಸಾಯುವ ಡೋಸು ಹುಡುಕುತ್ತಿದ್ದೆವು, ಹತ್ತಾರು ಇಲಿ ಹೋಗುತ್ತಿದ್ದವು. ಆ ಹಳೆಯ ವಿಧಾನವನ್ನು 2002ರಲ್ಲಿ ಒಇಸಿಡಿ (ಇಂಥ ಪರೀಕ್ಷೆಗಳಿಗೆ ಮಾರ್ಗಸೂಚಿ ಕೊಡುವ ಅಂತರರಾಷ್ಟ್ರೀಯ ಸಂಘಟನೆ) ಕೈಬಿಟ್ಟಿತು. ನನಗೆ ಆಗ ಎಷ್ಟೋ ಸಮಾಧಾನವಾಯಿತು.

ನನ್ನ ಮನಸ್ಸಿನಲ್ಲಿ ಇನ್ನೂ ಉಳಿದಿರುವ ನೋವು ಬೇರೆ. ಒಮ್ಮೆ ನನ್ನ ವಿದ್ಯಾರ್ಥಿಯೊಬ್ಬ ಅಮೃತಬಳ್ಳಿ ಅಂತ ಒಂದು ಚೀಲ ತಂದ. ನಾನೂ ಸರಿಯಾಗಿ ನೋಡಲಿಲ್ಲ. ಆರು ಇಲಿಗೆ ಡೋಸು ಕೊಟ್ಟಾದ ಮೇಲೆ ಸಸ್ಯಶಾಸ್ತ್ರದ ಮೇಷ್ಟ್ರು ಎಲೆ ತಿರುಗಿಸಿ ನೋಡಿ, ‘ಇದು ಅದಲ್ಲ’ ಅಂದರು. ಆ ಆರೂ ಸುಮ್ನೆ ಹೋದವು. ತಪ್ಪು ನನ್ನದು.

ನಿಮ್ಮ ಬಳ್ಳಿಯನ್ನು ಗುರುತಿಸಬಲ್ಲವರಿಗೆ ತೋರಿಸಿ, ಅದರ ತುಂಡನ್ನು ಒಣಗಿಸಿ ಅಂಟಿಸಿದ ಮಾದರಿ ಹಾಳೆಗೆ ಅವರ ಸಹಿ ಹಾಕಿಸಿದ್ದೀರಾ? ಇಲ್ಲದಿದ್ದರೆ ಸೋಮವಾರ ಶುರು ಮಾಡಬೇಡಿ.