ಪೆನಾಂಗ್‌ನಲ್ಲಿ ಹಡಗು ನಿಂತರೆ ಟೂರ್ ಬಸ್ ಬೇಡ, ನಡೆದೇ ನೋಡಿ

ಸಿಂಗಾಪುರದ ಕ್ರೂಸ್ ಒಂದು ಹಗಲು ಮಲೇಷ್ಯಾದ ಪೆನಾಂಗ್‌ನಲ್ಲಿ ನಿಲ್ಲುತ್ತೆ, ಅಪ್ಪ ಅಮ್ಮ ಜೊತೆಗಿದ್ದಾರೆ, ಅಪ್ಪನಿಗೆ ಮಂಡಿ ನೋವು, ಅಮ್ಮ ಶುದ್ಧ ಸಸ್ಯಾಹಾರಿ, ಹಡಗಿನವರ ಬಸ್ ಟೂರ್ ತಗೋಬೇಕಾ ಅಂತ ಕೇಳಿದ್ದೀರಿ. ಬೇಡ. ಹಡಗು ನಿಲ್ಲುವ ಸ್ವೆಟನ್‌ಹ್ಯಾಮ್ ಪಿಯರ್ ಇರುವುದೇ ಪೆನಾಂಗ್‌ನ ಮುಖ್ಯ ಊರಾದ ಹಳೇ ಜಾರ್ಜ್‌ಟೌನ್‌ನ ಅಂಚಿನಲ್ಲಿ. ಗೇಟ್ ದಾಟಿದರೆ ಊರು ಶುರು. 2008ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಪೇಟೆ ಕಾಲಬುಡದಲ್ಲೇ ಇರುವಾಗ ಬಸ್ಸಿನ ಕಿಟಕಿಯಿಂದ ಯಾಕೆ ನೋಡಬೇಕು? ಪೆನಾಂಗ್ ಹಿಲ್ ಈ ಸಲ ಬಿಟ್ಟುಬಿಡಿ. ಅದು ಊರಾಚೆ ಇದೆ, ಹೋಗಿ ಬರೋದು, ರೈಲಿನ ಕ್ಯೂ, ಇಷ್ಟರಲ್ಲೇ ಅರ್ಧ ದಿನ ಮುಗಿಯುತ್ತದೆ.

ಮೊದಲು ಕಾಗದಪತ್ರ. ನಿಮ್ಮ ಸಿಂಗಾಪುರ ವೀಸಾ ಮಲ್ಟಿಪಲ್ ಎಂಟ್ರಿ ಆಗಿದೆಯಾ ನೋಡಿಕೊಳ್ಳಿ, ಯಾಕಂದ್ರೆ ಪೆನಾಂಗ್ ಮುಗಿಸಿ ಮತ್ತೆ ಸಿಂಗಾಪುರಕ್ಕೇ ಇಳಿಯಬೇಕು. ಮಲೇಷ್ಯಾದ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕಾ ಅಂತ ಹತ್ತುವ ಮೊದಲೇ ಕ್ರೂಸ್‌ನವರನ್ನು ಕೇಳಿ. ಸಮುದ್ರದಲ್ಲಿರುವಾಗ ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ, ಹಡಗಿನ ನೆಟ್‌ವರ್ಕ್ ಹಿಡಿದರೆ ಬಿಲ್ ಜಾಸ್ತಿ ಬರುತ್ತೆ.

ಬೇಗ ಇಳಿಯಿರಿ. ಬಿಸಿಲು ಏರಿದ ಮೇಲೆ ಅಲ್ಲಿನ ಸೆಕೆ ನಮ್ಮ ಮಂಗಳೂರಿನದೇ. ಪಿಯರ್‌ನಿಂದ ಹೊರಗೆ ಬಂದರೆ ಬಿಳೀ ಗಡಿಯಾರ ಗೋಪುರ ಕಾಣುತ್ತದೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 60 ವರ್ಷ ತುಂಬಿದ ನೆನಪಿಗೆ ಕಟ್ಟಿದ್ದು, ಎತ್ತರವೂ 60 ಅಡಿ. ಅದರ ಪಕ್ಕದಲ್ಲೇ ಫೋರ್ಟ್ ಕಾರ್ನ್‌ವಾಲಿಸ್. ಈ ಹೆಸರು ನಮಗೆ ಗೊತ್ತಿರೋದೇ ಅಲ್ವಾ? 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ತೆಗೆದುಕೊಂಡ ಅದೇ ಕಾರ್ನ್‌ವಾಲಿಸ್. ಪೆನಾಂಗನ್ನು ಈಸ್ಟ್ ಇಂಡಿಯಾ ಕಂಪನಿಗೆ ಸೇರಿಸಿದ ಫ್ರಾನ್ಸಿಸ್ ಲೈಟ್ 1786ರಲ್ಲಿ ಇಳಿದ ಜಾಗ ಇದು. ಅಪ್ಪನಿಗೆ ಇತಿಹಾಸ ಇಷ್ಟ ಅಂದಿದ್ದೀರಲ್ಲ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಈ ಕಥೆ ಹೇಳಿ.

ಅಲ್ಲಿಂದ ಮೈದಾನದ ಬದಿಯಲ್ಲೇ ನಡೆದು ಸೇಂಟ್ ಜಾರ್ಜ್ ಚರ್ಚ್ ಕಡೆ ತಿರುಗಿ. ಈಗ ಬರುವ ಬೀದಿಯೇ ನನಗೆ ಇಡೀ ಊರಿನಲ್ಲಿ ಅತಿ ಹೆಚ್ಚು ಇಷ್ಟ. ಹೆಸರು ಜಲಾನ್ ಮಸ್ಜಿದ್ ಕಪಿತಾನ್ ಕೆಲಿಂಗ್. ಚರ್ಚ್ ದಾಟಿದರೆ ಚೀನೀಯರ ಕುವಾನ್ ಯಿನ್ ದೇವಸ್ಥಾನ, ಊದುಬತ್ತಿ ಹೊಗೆ ರಸ್ತೆವರೆಗೂ ಬರುತ್ತಿರುತ್ತದೆ. ಸ್ವಲ್ಪ ಮುಂದೆ ಪಕ್ಕದ ಕ್ವೀನ್ ಸ್ಟ್ರೀಟಿನಲ್ಲಿ 1833ರ ಮಹಾಮಾರಿಯಮ್ಮನ್ ಗುಡಿ. ಇನ್ನೂ ಮುಂದೆ ಭಾರತದಿಂದ ಹೋದ ಮುಸ್ಲಿಮರು ಕಟ್ಟಿದ ಮಸೀದಿ. ನಾಲ್ಕೂ ಒಂದೇ ಸಣ್ಣ ನಡಿಗೆಯಲ್ಲಿ, ಎಲ್ಲ ಕಡೆ ಇವತ್ತಿಗೂ ಪೂಜೆ ಪ್ರಾರ್ಥನೆ ನಡೆಯುತ್ತಿದೆ. ಮಾರಿಯಮ್ಮನ ಗುಡಿ ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಅದಕ್ಕೇ ಬೆಳಿಗ್ಗೆಯೇ ಹೋಗಿ ಅಂದದ್ದು.

ಗುಡಿಯ ಸುತ್ತಮುತ್ತಲೇ ಲಿಟಲ್ ಇಂಡಿಯಾ. ಅಮ್ಮನ ಊಟ ಇಲ್ಲೇ ಮುಗಿಸಿ. ಇಡ್ಲಿ, ದೋಸೆ, ಬಾಳೆಲೆ ಊಟ ಎಲ್ಲ ಸಿಗುತ್ತೆ, ಬರೀ ಸಸ್ಯಾಹಾರದ ಹೋಟೆಲುಗಳೂ ಇವೆ. ಬೀದಿ ಬದಿಯ ತಿಂಡಿಯಲ್ಲಿ ಮಾತ್ರ ಹುಷಾರು. ಸೊಪ್ಪಿನ ಪಲ್ಯ ಅಂದುಕೊಂಡದ್ದಕ್ಕೂ ಬೆಲಾಚನ್ ಎಂಬ ಸಿಗಡಿ ಪೇಸ್ಟ್ ಹಾಕಿರುತ್ತಾರೆ, ಅಸಮ್ ಲಕ್ಸಾ ಎಂಬ ಹುಳಿ ನೂಡಲ್ಸಿನ ಸಾರು ಮೀನಿನದು. ಚೆಂಡೋಲ್ ಧೈರ್ಯವಾಗಿ ಕೊಡಿಸಿ, ತೆಂಗಿನಹಾಲು, ಬೆಲ್ಲ, ಐಸು, ಹಸಿರು ಶಾವಿಗೆ ಥರದ್ದು, ರಾಜ್ಮಾ ಕಾಳು, ಅಷ್ಟೇ.

ಊಟದ ನಂತರ ಆರ್ಮೇನಿಯನ್ ಸ್ಟ್ರೀಟ್. ಸೈಕಲ್ ಮೇಲೆ ಕೂತ ಇಬ್ಬರು ಮಕ್ಕಳ ಗೋಡೆ ಚಿತ್ರ ಇರೋದು ಇಲ್ಲೇ, ಫೋಟೋಗೆ ಯಾವಾಗಲೂ ಕ್ಯೂ. ಅದಕ್ಕಿಂತ ಹತ್ತಿರದ ಖೂ ಕೊಂಗ್ಸಿಗೆ ಸಮಯ ಕೊಡಿ. ಖೂ ಎಂಬ ಚೀನೀ ಮನೆತನದವರ ಕುಲಮಂದಿರ. ಹಳೆಯದು 1901ರಲ್ಲಿ ಸುಟ್ಟುಹೋಯಿತು. ಅತಿ ಆಡಂಬರಕ್ಕೆ ದೇವರೇ ಮುನಿದ ಅಂತ ಜನ ಮಾತಾಡಿಕೊಂಡರಂತೆ. ಆಮೇಲೆ ಕಟ್ಟಿದ್ದು ಚಿಕ್ಕದು ಅಂತಾರೆ, ಆದರೆ ಅದರ ಮರದ ಕೆತ್ತನೆ, ಸೂರಿನ ಬೊಂಬೆಗಳು ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ಗೊತ್ತಾಗಲ್ಲ. ಟಿಕೆಟ್ ಇದೆ, ಕೊಡಬಹುದು.

ಕೊನೆಗೆ ಚ್ಯೂ ಜೆಟ್ಟಿ. ಕಂಬಗಳ ಮೇಲೆ ಸಮುದ್ರದಲ್ಲೇ ನಿಂತ ಮರದ ಮನೆಗಳು. ಜನ ಈಗಲೂ ಅಲ್ಲಿ ವಾಸ ಮಾಡುತ್ತಾರೆ, ದಯವಿಟ್ಟು ಬಾಗಿಲೊಳಗೆ ಕ್ಯಾಮೆರಾ ಹಿಡಿಯಬೇಡಿ.

ಎಲ್ಲ ಸೇರಿ ನಾಲ್ಕು ಕಿಲೋಮೀಟರ್ ಆಸುಪಾಸು. ಅಂಗಡಿಗಳ ಮುಂದಿನ ಜಗಲಿ ನೆರಳು ಕೊಡುತ್ತದೆ, ಆದರೆ ಅಲ್ಲಲ್ಲಿ ಮೆಟ್ಟಿಲು, ನಡುವೆ ಬೈಕು, ಪಕ್ಕದಲ್ಲಿ ತೆರೆದ ಚರಂಡಿ. ಅಪ್ಪನ ಕೈ ಬಿಡಬೇಡಿ, ಚಪ್ಪಲಿ ಬದಲು ಶೂ ಹಾಕಿಸಿ. ಮಧ್ಯಾಹ್ನ ಮಂಡಿ ಹಿಡಿದುಕೊಂಡರೆ ಒದ್ದಾಡಿಸಬೇಡಿ, ಗ್ರ್ಯಾಬ್ (ನಮ್ಮ ಓಲಾ ಥರದ ಆ್ಯಪ್ ಟ್ಯಾಕ್ಸಿ) ಕರೆದು ನೇರ ಜೆಟ್ಟಿಗೆ ಹೋಗಿ, ಅಲ್ಲಿಂದ ಪಿಯರ್‌ಗೂ ಗ್ರ್ಯಾಬ್ ಸಿಗುತ್ತೆ. ಛತ್ರಿ ಇರಲಿ, ಮಳೆ ದಿಢೀರ್ ಅಂತ ಸುರಿಯುತ್ತದೆ. ಹಡಗಿನ ಕಾರ್ಡಿನ ಜೊತೆ ವಾಪಸ್ ಹತ್ತಬೇಕಾದ ಸಮಯ ಒಂದು ಚೀಟಿಯಲ್ಲಿ ಬರೆದು ಮೂವರ ಜೇಬಿನಲ್ಲೂ ಇಟ್ಟಿರಿ, ಹೊರಡುವ ಸಮಯ ಅಲ್ಲ, ಹತ್ತುವ ಸಮಯ. ಅದಕ್ಕೂ ಒಂದು ಗಂಟೆ ಮೊದಲೇ ಪಿಯರ್‌ನಲ್ಲಿರಿ. ನಿಮ್ಮ ಹಡಗು ಎಷ್ಟು ಗಂಟೆಗೆ ಬಂದು ಎಷ್ಟಕ್ಕೆ ಹೊರಡುತ್ತೆ ಅಂತ ಇಲ್ಲೇ ಹಾಕಿ, ಶುಕ್ರವಾರ ಬಿದ್ದರೆ ಮಸೀದಿಗೆ ಯಾವಾಗ ಹೋದರೆ ಒಳ್ಳೇದು ಅಂತ ಹೇಳ್ತೀನಿ.